ದೆಜಾಬಿಯೇ: ಯುರೋಪಿನ ಮನೆಯುಡುಗೆಯ ಚರಿತ್ರೆ

ಪದ ಮತ್ತು ಅದರ ವ್ಯಾಪ್ತಿ

ದೆಜಾಬಿಯೇ ಫ್ರೆಂಚ್ ಭಾಷೆಯ ಪದ. ಉಡುಪು ತೊಡುವುದಕ್ಕೆ ಆ ಭಾಷೆಯಲ್ಲಿರುವ ‘ಅಬಿಯೇ’ ಎಂಬ ಕ್ರಿಯಾಪದಕ್ಕೆ ನಿಷೇಧಾರ್ಥದ ಉಪಸರ್ಗ ಸೇರಿ ‘ಉಡುಪು ಕಳಚು’ ಎಂಬ ಅರ್ಥ ಹುಟ್ಟಿತು. ಅದರ ಭೂತಕೃದಂತ ರೂಪವೇ ನಾಮಪದವಾಗಿ ನಿಂತಿತು. 17ನೆಯ ಶತಮಾನದ ಉತ್ತರಾರ್ಧದಲ್ಲಿ ಇಂಗ್ಲಿಷ್ ಭಾಷೆ ಇದನ್ನು ಎರವಲು ಪಡೆದು ‘ಡಿಸಬೀಲ್’ ಎಂದು ಉಚ್ಚರಿಸತೊಡಗಿತು. ‘ಅಬಿಯೇ’ಯ ಬೇರು ಮೊದಲಿಗೆ ಬಟ್ಟೆಗೆ ಸಂಬಂಧಿಸಿದ್ದಲ್ಲ. ಮರದ ದಿಮ್ಮಿಯನ್ನು ಕಡಿದು ಕೆಲಸಕ್ಕೆ ಅಣಿಮಾಡುವವರ ಮಾತು ಅದು. ಅಣಿಮಾಡು, ಸಜ್ಜುಗೊಳಿಸು ಎಂಬ ಅರ್ಥದಿಂದ ಹೊರಟು, ಉಡುಪನ್ನು ಸೂಚಿಸುವ ಲ್ಯಾಟಿನ್ ಮೂಲದ ಇನ್ನೊಂದು ಪದದ ಒತ್ತಾಸೆಯಿಂದ ಅದು ಬಟ್ಟೆ ತೊಡುವ ಅರ್ಥಕ್ಕೆ ಬಂದು ಸೇರಿತು.

ಈ ಪದಕ್ಕೆ ಎರಡು ಬಳಕೆಗಳಿವೆ. ಒಂದು, ವ್ಯಕ್ತಿಯ ಸ್ಥಿತಿ: ಹೊರಗಿನವರ ಮುಂದೆ ಬರಲು ಬೇಕಾದ ಉಡುಪನ್ನು ಪೂರ್ತಿ ತೊಡದೆ ಇರುವುದು. ಇನ್ನೊಂದು, ಆ ಹೊತ್ತಿಗೆಂದೇ ಹೊಲಿಸಿದ ಸಡಿಲವಾದ ಉಡುಪು. 18ನೆಯ ಶತಮಾನದ ಸಿರಿವಂತನೊಬ್ಬ ದೆಜಾಬಿಯೇಯಲ್ಲಿದ್ದ ಎಂದರೆ ಅವನ ಮೈಮೇಲೆ ಉದ್ದ ತೋಳಿನ ಅಂಗಿ, ಮೊಣಕಾಲಿನವರೆಗಿನ ಚಲ್ಲಣ, ಕಾಲುಚೀಲ, ಪಾದ ಮುಟ್ಟುವ ರೇಷ್ಮೆಯ ನಿಲುವಂಗಿ, ತಲೆಗೊಂದು ಟೊಪ್ಪಿಗೆ ಎಲ್ಲವೂ ಇದ್ದವು. ಇಂದಿನ ಕಚೇರಿಯ ನೌಕರನಿಗಿಂತ ಅವನ ಮೈ ಹೆಚ್ಚೇ ಮುಚ್ಚಿತ್ತು. ಇಲ್ಲದಿದ್ದುದು ಮೇಲಂಗಿ, ಕೃತಕ ಕೂದಲಿನ ಟೋಪನ್ ಮತ್ತು ಸೊಂಟದ ಕತ್ತಿ.

ಆದ್ದರಿಂದ ದೆಜಾಬಿಯೇಯನ್ನು ಉಡುಪಿನ ಕೊರತೆ ಎಂದು ತಿಳಿಯುವುದು ತಪ್ಪು. ಅದಕ್ಕೆ ತನ್ನದೇ ಆದ ಹೊಲಿಗೆಯಿತ್ತು, ಬಟ್ಟೆಯಿತ್ತು, ಹೊತ್ತುಗೊತ್ತಿತ್ತು. ಯಾರು ಯಾರ ಮುಂದೆ ಆ ವೇಷದಲ್ಲಿ ಕಾಣಿಸಿಕೊಳ್ಳಬಹುದು ಎಂಬ ಕಟ್ಟುನಿಟ್ಟು ನಿಯಮವೂ ಇತ್ತು. ಯುರೋಪಿನ ಉಡುಪಿನ ಚರಿತ್ರೆಯಲ್ಲಿ ಈ ಮನೆಯುಡುಗೆ ಎರಡು ಬಗೆಯಿಂದ ಮುಖ್ಯವಾಗುತ್ತದೆ. ಅಂತಸ್ತನ್ನು ತೋರಿಸುವ ಸಾಧನವಾಗಿ ಅದು ದುಡಿಯಿತು. ಜೊತೆಗೆ, ಒಂದು ತಲೆಮಾರಿನ ಮನೆಯುಡುಗೆ ಮುಂದಿನ ತಲೆಮಾರಿನ ಹೊರಯುಡುಗೆಯಾಗುತ್ತ ಹೋಗಿ, ಯುರೋಪಿನವರ ದಿನನಿತ್ಯದ ಬಟ್ಟೆಯನ್ನೇ ಬದಲಿಸಿತು.

ಪೂರ್ಣ ಉಡುಗೆಯ ಹೊರೆ

ಸಡಿಲ ಉಡುಪು ಏಕೆ ಬೇಕಾಯಿತು ಎಂಬುದು ಪೂರ್ಣ ಉಡುಪಿನ ಭಾರವನ್ನು ಅರಿತರೆ ತಿಳಿಯುತ್ತದೆ. 17 ಮತ್ತು 18ನೆಯ ಶತಮಾನದ ಸಿರಿವಂತ ಹೆಂಗಸು ಮೊದಲು ನಾರುಬಟ್ಟೆಯ ಒಳ ಅಂಗಿ ತೊಡುತ್ತಿದ್ದಳು. ಅದರ ಮೇಲೆ ತಿಮಿಂಗಿಲದ ಬಾಯೊಳಗಿನ ಗಟ್ಟಿ ಪಟ್ಟಿಗಳನ್ನು ಸೇರಿಸಿ ಹೊಲಿದ ಬಿಗಿ ಕುಪ್ಪಸ. ಬೆನ್ನ ಹಿಂದೆ ಅದರ ದಾರವನ್ನು ಎಳೆದು ಕಟ್ಟಲು ಊಳಿಗದವಳು ಬೇಕು. ಬಳಿಕ ಸೊಂಟದ ಎರಡೂ ಬದಿಗೆ ಬಟ್ಟೆಯನ್ನು ಅಗಲಿಸಿ ಹಿಡಿಯುವ ಚೌಕಟ್ಟು, ಒಂದರ ಮೇಲೊಂದರಂತೆ ಲಂಗಗಳು, ಎದೆಗೆ ಗುಂಡುಸೂಜಿಗಳಿಂದ ಸಿಕ್ಕಿಸುವ ತ್ರಿಕೋನಾಕಾರದ ಪಟ್ಟಿ, ಕೊನೆಗೆ ಮೇಲುಡುಪು. ಕೂದಲಿನ ಸಿಂಗಾರಕ್ಕೆ ಬೇರೆಯೇ ಹೊತ್ತು ಬೇಕು. ಒಡ್ಡೋಲಗಕ್ಕೆ ಹೋಗುವುದಾದರೆ ಇಷ್ಟರ ಮೇಲೆ ನೆಲದ ಮೇಲೆ ಎಳೆಯುವ ಸೆರಗೂ ಸೇರುತ್ತಿತ್ತು.

ಗಂಡಸರ ಪಾಡು ತುಸು ಹಗುರವಾದರೂ ಟೋಪನ್ ಅವರಿಗೆ ದೊಡ್ಡ ಹೊರೆಯಾಗಿತ್ತು. 17ನೆಯ ಶತಮಾನದ ನಡುವಿನಿಂದ ಉಳ್ಳವರಲ್ಲಿ ಟೋಪನ್ ರೂಢಿಯಾದಂತೆ, ಅದು ಸರಿಯಾಗಿ ಕೂರಲೆಂದು ಸ್ವಂತ ಕೂದಲನ್ನು ಬೋಳಿಸುವುದು ಅಥವಾ ಗಿಡ್ಡವಾಗಿ ಕತ್ತರಿಸುವುದು ವಾಡಿಕೆಯಾಯಿತು. ಮನೆಗೆ ಬಂದು ಟೋಪನ್ ತೆಗೆದಿಟ್ಟರೆ ಬೋಳುತಲೆಗೆ ಚಳಿ. ಹೀಗಾಗಿ ನಿಲುವಂಗಿಯ ಜೊತೆಗೆ ಮೃದುವಾದ ಟೊಪ್ಪಿಗೆ ಅಥವಾ ರುಮಾಲು ತಪ್ಪದೆ ಇರುತ್ತಿತ್ತು. ಅಗ್ಗಿಷ್ಟಿಕೆಯೊಂದೇ ಬಿಸಿಯ ಮೂಲವಾಗಿದ್ದ ಆ ಮನೆಗಳಲ್ಲಿ ಚಳಿಗಾಲದ ನಿಲುವಂಗಿಗೆ ಒಳಗೆ ಅಸ್ತರು ಕೊಟ್ಟು ಹತ್ತಿ ತುಂಬಿ ಹೊಲಿಯುವುದೂ ಇತ್ತು.

ಹಾಸಿಗೆ ಬಿಟ್ಟೇಳುವುದಕ್ಕೂ ಪೂರ್ಣ ಉಡುಪಿನಲ್ಲಿ ಹೊರಗೆ ಕಾಲಿಡುವುದಕ್ಕೂ ನಡುವೆ ಹೀಗೆ ಹಲವು ತಾಸುಗಳು ಉಳಿಯುತ್ತಿದ್ದವು. ತಿಂಡಿ, ಓದು, ಪತ್ರವ್ಯವಹಾರ, ಮನೆವಾರ್ತೆ, ಆಪ್ತರ ಭೇಟಿ ಇವೆಲ್ಲ ಆ ಹೊತ್ತಿನಲ್ಲೇ ನಡೆಯುತ್ತಿದ್ದವು. ಇಡೀ ಬೆಳಗು ದೆಜಾಬಿಯೇಯ ವೇಳೆಯಾಯಿತು. ಇಂಗ್ಲಿಷಿನವರು ಉಡುಪನ್ನು ಪೂರ್ಣ ಉಡುಪು, ಅರ್ಧ ಉಡುಪು, ‘ಅನ್‌ಡ್ರೆಸ್’ ಎಂದು ಮೂರು ದರ್ಜೆಗಳಾಗಿ ವಿಂಗಡಿಸಿದರು. ಈ ಕೊನೆಯ ಪದವನ್ನು ಬ್ರಿಟಿಷ್ ಸೇನೆ ಮತ್ತು ನೌಕಾಪಡೆ ತಮ್ಮ ನಿಯಮಾವಳಿಗೂ ಸೇರಿಸಿಕೊಂಡವು. ಅಲ್ಲಿ ‘ಅನ್‌ಡ್ರೆಸ್ ಸಮವಸ್ತ್ರ’ ಎಂದರೆ ವಿಧ್ಯುಕ್ತ ಸಮಾರಂಭಗಳಿಲ್ಲದ ದಿನದ ಸಮವಸ್ತ್ರ.

ಪೂರ್ವ ದೇಶಗಳಿಂದ ಬಂದ ನಿಲುವಂಗಿ

ಯುರೋಪಿನ ಮನೆಯುಡುಗೆಯ ಆಕಾರ ಮತ್ತು ಬಟ್ಟೆ ಎರಡೂ ಬಹುಪಾಲು ಏಷ್ಯಾದ ಕೊಡುಗೆ. ಹಾಲೆಂಡಿನ ಈಸ್ಟ್ ಇಂಡಿಯಾ ಕಂಪನಿಯ ವರ್ತಕರು ಜಪಾನಿನಲ್ಲಿ ವ್ಯಾಪಾರ ಮಾಡಲು ಅನುಮತಿ ಪಡೆದಿದ್ದರು. ಅವರು ಪ್ರತಿವರ್ಷ ಎಡೊ ನಗರಕ್ಕೆ ಹೋಗಿ ಅಲ್ಲಿನ ಆಳುವ ಸೇನಾನಿಯಾದ ಶೋಗನ್ನನಿಗೆ ಕಾಣಿಕೆ ಒಪ್ಪಿಸಬೇಕಿತ್ತು. ಮರಳುವಾಗ ರೇಷ್ಮೆಯ, ಒಳಗೆ ಮೆತ್ತೆ ತುಂಬಿದ ನಿಲುವಂಗಿಗಳು ಅವರಿಗೆ ಉಡುಗೊರೆಯಾಗಿ ಸಿಗುತ್ತಿದ್ದವು. ಹಾಲೆಂಡಿನಲ್ಲಿ ಅವುಗಳಿಗೆ ‘ಜಪಾನಿ ಅಂಗಿ’ ಎಂದೇ ಹೆಸರಾಯಿತು. ಎಣಿಕೆಯಷ್ಟೇ ಬರುತ್ತಿದ್ದ ಆ ಅಂಗಿಗಳಿಗಾಗಿ ಬೇಡಿಕೆ ಏರಿದಾಗ ಅದೇ ಮಾದರಿಯವನ್ನು ಭಾರತದಲ್ಲಿಯೂ ಹಾಲೆಂಡಿನಲ್ಲಿಯೂ ಹೊಲಿಯತೊಡಗಿದರು. ಹಾಲೆಂಡಿನ ಚಿತ್ರಕಾರ ವರ್ಮೀರ್ 1668ರಲ್ಲಿ ರಚಿಸಿದ ಖಗೋಳಜ್ಞನ ಚಿತ್ರದಲ್ಲೂ 1669ರ ಭೂಗೋಳಜ್ಞನ ಚಿತ್ರದಲ್ಲೂ ವಿದ್ವಾಂಸನ ಮೈಮೇಲಿರುವುದು ಈ ಬಗೆಯ ನಿಲುವಂಗಿಯೇ.

ಇಂಗ್ಲೆಂಡಿನಲ್ಲಿ ಇದೇ ಉಡುಪಿಗೆ ‘ಇಂಡಿಯನ್ ಗೌನ್’ ಎಂಬ ಹೆಸರಿತ್ತು. ನೌಕಾಪಡೆಯ ಅಧಿಕಾರಿಯೂ ದಿನಚರಿಕಾರನೂ ಆಗಿದ್ದ ಸ್ಯಾಮ್ಯುಯಲ್ ಪೀಪ್ಸ್ 1661ರ ಜುಲೈ 1ರಂದು ತನಗಾಗಿ ಇಂಥದೊಂದು ಗೌನು ಕೊಂಡುದನ್ನು ಬರೆದಿಟ್ಟಿದ್ದಾನೆ. 1666ರಲ್ಲಿ ಜಾನ್ ಹೇಲ್ಸ್ ಎಂಬ ಕಲಾವಿದನಿಂದ ತನ್ನ ಚಿತ್ರ ಬರೆಸಿಕೊಳ್ಳುವಾಗ ಅವನು ಅದಕ್ಕೆಂದೇ ಒಂದು ಇಂಡಿಯನ್ ಗೌನನ್ನು ಬಾಡಿಗೆಗೆ ತಂದ. ಆ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿದೆ. ಫ್ರಾನ್ಸಿನಲ್ಲಿ ಮೋಲಿಯೇರನ 1670ರ ನಾಟಕ ‘ಲೆ ಬೂರ್ಜ್ವಾ ಜಾಂತಿಯೋಮ್’ನಲ್ಲಿ, ಕುಲೀನನೆನಿಸಿಕೊಳ್ಳಬೇಕೆಂಬ ಹಂಬಲದ ಸಿರಿವಂತ ಜೂರ್ದಾನ್ ಇಂಡಿಯಾ ಬಟ್ಟೆಯ ನಿಲುವಂಗಿ ತೊಟ್ಟು ರಂಗಕ್ಕೆ ಬರುತ್ತಾನೆ. ದೊಡ್ಡವರೆಲ್ಲ ಬೆಳಗಿನ ಹೊತ್ತು ಇದನ್ನೇ ತೊಡುತ್ತಾರೆಂದು ದರ್ಜಿ ಅವನಿಗೆ ಹೇಳಿರುತ್ತಾನೆ. ಕೆಲವೇ ವರ್ಷಗಳಲ್ಲಿ ಮನೆಯುಡುಗೆ ಊರಿಗೆಲ್ಲ ತೋರಿಸಿಕೊಳ್ಳುವ ಪ್ರತಿಷ್ಠೆಯ ವಸ್ತುವಾಗಿತ್ತು ಎಂಬುದಕ್ಕೆ ಈ ಎರಡು ಸಂಗತಿಗಳೇ ಸಾಕ್ಷಿ.

ಇಂಗ್ಲಿಷಿನಲ್ಲಿ ಈ ಗೌನಿಗೆ ‘ಬನ್ಯನ್’ ಎಂಬ ಇನ್ನೊಂದು ಹೆಸರು ಬಂತು. ಗುಜರಾತಿನ ವಾಣಿಯಾ ವರ್ತಕರ ಹೆಸರು ಪೋರ್ಚುಗೀಸರ ಬಾಯಲ್ಲಿ ‘ಬನಿಯನ್’ ಆಗಿ, ಅವರ ಸಡಿಲ ಅಂಗಿಯನ್ನು ಹೋಲುವ ಉಡುಪಿಗೂ ಅಂಟಿಕೊಂಡಿತು. ಬಟ್ಟೆಯೂ ಭಾರತದ್ದೇ. ಮಚಲಿಪಟ್ಟಣವೂ ಸೇರಿದಂತೆ ಕೋರಮಂಡಲ ಕರಾವಳಿಯ ಕುಶಲಕರ್ಮಿಗಳು ಕಲಮಿನಿಂದ ಬಿಡಿಸಿ ಬಣ್ಣ ಕಟ್ಟುತ್ತಿದ್ದ ಹೂಬಳ್ಳಿಯ ಚೀಟಿ ಬಟ್ಟೆಗೆ ಯುರೋಪಿನಲ್ಲಿ ಅಪಾರ ಬೇಡಿಕೆ. ಉಣ್ಣೆಯಷ್ಟು ಭಾರವಿಲ್ಲ, ರೇಷ್ಮೆಯಷ್ಟು ದುಬಾರಿಯಿಲ್ಲ, ಒಗೆದರೆ ಬಣ್ಣ ಬಿಡುವುದಿಲ್ಲ. ಬೇರಿನಿಂದ ತೆಗೆದ ಕೆಂಪನ್ನು ಹತ್ತಿಯ ನೂಲಿಗೆ ಕಚ್ಚಿಸಲು ಇಲ್ಲಿನವರು ಬಳಸುತ್ತಿದ್ದ ಪಟಿಕ ಮೊದಲಾದ ಸಾಮಗ್ರಿಗಳ ಹದ ಯುರೋಪಿನ ಬಣ್ಣಗಾರರಿಗೆ ಆಗ ಒದಗಿರಲಿಲ್ಲ.

ಈ ಬಟ್ಟೆಯ ಭರಾಟೆಗೆ ಅಲ್ಲಿನ ಉಣ್ಣೆ ಮತ್ತು ರೇಷ್ಮೆ ನೇಕಾರರು ಹೆದರಿದರು. ಫ್ರಾನ್ಸ್ 1686ರಲ್ಲಿ ಚಿತ್ತಾರದ ಹತ್ತಿಬಟ್ಟೆಯನ್ನು ನಿಷೇಧಿಸಿತು. ನಿಷೇಧ 1759ರವರೆಗೆ ನಡೆಯಿತು. ಇಂಗ್ಲೆಂಡಿನಲ್ಲಿ 1701ರಿಂದ ಚಿತ್ತಾರದ ಬಟ್ಟೆಯ ಆಮದಿಗೂ, 1721ರ ಕಾಯಿದೆಯಿಂದ ಅದನ್ನು ತೊಡುವುದಕ್ಕೂ ತಡೆ ಬಿತ್ತು. 1774ರಲ್ಲಿ ಆ ಕಾಯಿದೆ ರದ್ದಾಯಿತು. ಇಷ್ಟು ದೀರ್ಘಕಾಲ ಕಾಯಿದೆಯ ಕಣ್ಣಿದ್ದರೂ ಕಳ್ಳಸಾಗಣೆಯ ಬಟ್ಟೆ ಮನೆಗಳನ್ನು ಸೇರುತ್ತಲೇ ಇತ್ತು. ಬೀದಿಯಲ್ಲಿ ತೊಡಲಾಗದ ಬಟ್ಟೆ ಮನೆಯ ನಿಲುವಂಗಿಗೆ ಒದಗುತ್ತಿತ್ತು. ಭಾರತದ ಬಟ್ಟೆಯನ್ನು ತಡೆಯಲು ಯುರೋಪಿನ ಸರ್ಕಾರಗಳು ಮಾಡಿದ ಈ ಕಾನೂನುಗಳ ಹಿನ್ನೆಲೆಯಲ್ಲಿ ಮಲಗುವ ಕೋಣೆಯ ಉಡುಪಿನ ಪಾತ್ರವೂ ಇತ್ತೆಂಬುದನ್ನು ಇತಿಹಾಸದ ಓದುಗರು ಮರೆಯಬಾರದು.

ಹೊಲಿಯುವ ಹೆಂಗಸರು

ಪ್ಯಾರಿಸ್ಸಿನಲ್ಲಿ ಉಡುಪು ಹೊಲಿಯುವ ಹಕ್ಕು ಗಂಡು ದರ್ಜಿಗಳ ವೃತ್ತಿಸಂಘದ ಸೊತ್ತಾಗಿತ್ತು. ಹೆಂಗಸರು ಹೊಲಿಯುತ್ತಿದ್ದರಾದರೂ ಅದಕ್ಕೆ ಕಾನೂನಿನ ಮನ್ನಣೆಯಿರಲಿಲ್ಲ. 1675ರಲ್ಲಿ ಫ್ರಾನ್ಸಿನ ದೊರೆ 14ನೆಯ ಲೂಯಿಯ ಸರ್ಕಾರ ಹೊಲಿಗೆಯ ಹೆಂಗಸರಿಗೆ ಪ್ರತ್ಯೇಕ ವೃತ್ತಿಸಂಘವನ್ನು ಮಂಜೂರು ಮಾಡಿತು. ಆದರೆ ಒಡ್ಡೋಲಗದ ಬಿಗಿ ಕುಪ್ಪಸ ಮತ್ತು ಸೆರಗಿನ ಉಡುಪು ಗಂಡು ದರ್ಜಿಗಳಲ್ಲೇ ಉಳಿಯಿತು. ನಿಲುವಂಗಿ, ಲಂಗ, ಸಡಿಲ ಮೇಲುಡುಪು ಮುಂತಾದ ಮನೆಯುಡುಗೆಗಳು ಹೆಂಗಸರ ಪಾಲಿಗೆ ಬಂದವು.

ದೊಡ್ಡ ಕೆಲಸ ಗಂಡಸರಿಗೆ, ಸಣ್ಣದು ಹೆಂಗಸರಿಗೆ ಎಂಬ ಈ ಹಂಚಿಕೆಯ ಫಲ ಯಾರೂ ಊಹಿಸದಂತೆ ತಿರುಗಿತು. ಹೆಂಗಸರ ಪಾಲಿಗೆ ಬಂದ ಸಡಿಲ ಉಡುಪುಗಳಲ್ಲಿ ‘ಮಾಂಟೊ’ ಎಂಬುದೊಂದಿತ್ತು, ಇಂಗ್ಲಿಷಿನಲ್ಲಿ ‘ಮಾಂಟುವಾ’. ಭುಜದಿಂದ ನೆಲದವರೆಗೆ ಒಂದೇ ಉದ್ದದ ಬಟ್ಟೆಯನ್ನು ಇಳಿಬಿಟ್ಟು, ಮೈಗೆ ತಕ್ಕಂತೆ ನೆರಿಗೆ ಹಿಡಿದು, ಸೊಂಟಕ್ಕೆ ಪಟ್ಟಿ ಕಟ್ಟಿದರೆ ಮಾಂಟುವಾ ಸಿದ್ಧ. ಅದರ ಕುಪ್ಪಸಕ್ಕೆ ಗಟ್ಟಿ ಪಟ್ಟಿಗಳಿಲ್ಲ, ಕತ್ತರಿಯ ಕೆಲಸ ಕಡಿಮೆ, ಬಟ್ಟೆಯ ಚಿತ್ತಾರ ತುಂಡಾಗುವುದಿಲ್ಲ. 14ನೆಯ ಲೂಯಿ ಅದನ್ನು ಒಡ್ಡೋಲಗಕ್ಕೆ ತಕ್ಕದ್ದಲ್ಲವೆಂದು ದೂರವಿಟ್ಟ. ಪ್ಯಾರಿಸ್ ಮತ್ತು ಲಂಡನ್ನಿನ ಹೆಂಗಸರು ಬಿಡಲಿಲ್ಲ. ಒಂದೆರಡು ತಲೆಮಾರು ಕಳೆಯುವಷ್ಟರಲ್ಲಿ ಇಂಗ್ಲೆಂಡಿನ ಅರಮನೆಯ ವಿಧ್ಯುಕ್ತ ಉಡುಪಾಗಿ ನಿಂತದ್ದು ಇದೇ ಮಾಂಟುವಾ. 1740ರ ದಶಕದ ಹೊತ್ತಿಗೆ ಅದಕ್ಕೆ ಬೆಳ್ಳಿಯೆಳೆಯ ಕಸೂತಿ, ಬಾಗಿಲಲ್ಲಿ ನೇರವಾಗಿ ಹಾಯಲಾಗದಷ್ಟು ಅಗಲದ ಚೌಕಟ್ಟು ಎಲ್ಲವೂ ಸೇರಿ, ಹುಟ್ಟಿದಾಗಿನ ಹಗುರ ಪೂರ್ತಿ ಮಾಯವಾಗಿತ್ತು. ಇಂಗ್ಲೆಂಡಿನಲ್ಲಿ ಹೆಂಗಸರ ಉಡುಪು ಹೊಲಿಯುವವಳಿಗೆ ‘ಮಾಂಟುವಾ ಮೇಕರ್’ ಎಂಬ ಹೆಸರೇ ಬಹುಕಾಲ ಉಳಿಯಿತು.

ಸಣ್ಣದೆಂದು ಬಿಟ್ಟುಕೊಟ್ಟ ಮನೆಯುಡುಗೆಯೇ ಮುಖ್ಯ ಉಡುಪಾದಾಗ ಹೊಲಿಗೆಯ ಹೆಂಗಸರ ಸಂಘವೂ ಬೆಳೆಯಿತು. ಹೆಂಗಸರು ತಮ್ಮದೇ ಸಂಘ, ತಮ್ಮದೇ ಶಿಷ್ಯವೃತ್ತಿ, ತಮ್ಮದೇ ಆಡಳಿತವಿರುವ ಕಸುಬನ್ನು ಕಟ್ಟಿಕೊಂಡುದು ಯುರೋಪಿನ ದುಡಿಮೆಯ ಚರಿತ್ರೆಯಲ್ಲಿ ಗೌರವದಿಂದ ನೆನೆಯಬೇಕಾದ ಅಧ್ಯಾಯ. ದೆಜಾಬಿಯೇಯಿಂದ ಹುಟ್ಟಿದ ಫಲಗಳಲ್ಲಿ ಇದಕ್ಕೇ ಮೊದಲ ಸ್ಥಾನ.

ಅರೆಯುಡುಗೆ ಮತ್ತು ಅಧಿಕಾರ

ಅರಮನೆಯಲ್ಲಿ ಅರೆಯುಡುಗೆ ಒಂದು ರಾಜಕೀಯ ವ್ಯವಸ್ಥೆಯಾಗಿತ್ತು. ವರ್ಸೇಲ್ಸಿನಲ್ಲಿ 14ನೆಯ ಲೂಯಿ ಹಾಸಿಗೆಯಿಂದ ಏಳುವುದೇ ಒಂದು ಸಮಾರಂಭ. ಯಾವ ಹಂತದಲ್ಲಿ ಯಾರು ಒಳಗೆ ಬರಬಹುದೆಂಬುದು ಮೊದಲೇ ಗೊತ್ತಾಗಿರುತ್ತಿತ್ತು. ದೊರೆ ಇನ್ನೂ ನಿಲುವಂಗಿಯಲ್ಲಿರುವಾಗ ಪ್ರವೇಶ ಪಡೆಯುವವರು ಬೆರಳೆಣಿಕೆಯವರು. ಉಡುಪು ಒಂದೊಂದಾಗಿ ಏರುತ್ತಿದ್ದಂತೆ ಕಡಿಮೆ ಅಂತಸ್ತಿನವರಿಗೆ ಬಾಗಿಲು ತೆರೆಯುತ್ತಿತ್ತು. ದೊರೆಯ ಒಳ ಅಂಗಿಯನ್ನು ಅವನ ಕೈಗೆ ಕೊಡುವ ಗೌರವ ಯುವರಾಜನಿಗೆ ಅಥವಾ ರಾಜವಂಶದ ರಾಜಕುಮಾರನಿಗೆ. ರಾತ್ರಿ ಉಡುಪು ಕಳಚುವಾಗ ಮೇಣದ ದೀಪ ಹಿಡಿಯುವುದೂ ದೊರೆಯೇ ಹೆಸರಿಸಿ ದಯಪಾಲಿಸುವ ಮರ್ಯಾದೆ. ದೊರೆಯನ್ನು ಎಷ್ಟು ಕಡಿಮೆ ಉಡುಪಿನಲ್ಲಿ ನೋಡುವ ಹಕ್ಕಿದೆಯೋ ಅಷ್ಟು ದೊಡ್ಡವನೆಂಬ ಲೆಕ್ಕ ಆಸ್ಥಾನದಲ್ಲಿತ್ತು.

ಈ ಪದ್ಧತಿ ಎಲ್ಲಿಗೆ ಮುಟ್ಟಬಹುದೆಂಬುದನ್ನು ಅನಂತರದ ಕಾಲದ ಮಾರಿ ಆಂಟೊನೆಟ್ ರಾಣಿಯ ಊಳಿಗದಲ್ಲಿದ್ದ ಮದಾಮ್ ಕಾಂಪಾನ್ ತನ್ನ ನೆನಪುಗಳಲ್ಲಿ ದಾಖಲಿಸಿದ್ದಾಳೆ. ಒಂದು ಚಳಿಗಾಲದ ದಿನ ರಾಣಿ ಉಡುಪು ಕಳಚಿ ಒಳ ಅಂಗಿಗಾಗಿ ನಿಂತಿದ್ದಳು. ಅಂಗಿ ಕೊಡಬೇಕೆನ್ನುವಷ್ಟರಲ್ಲಿ ಆಸ್ಥಾನದ ಮುಖ್ಯ ಗೌರವಸ್ತ್ರೀ ಬಂದಳು. ಅಂತಸ್ತಿನ ಪ್ರಕಾರ ಅಂಗಿ ಅವಳ ಕೈಗೆ ಹೋಯಿತು. ಅಷ್ಟರಲ್ಲಿ ಓರ್ಲಿಯನ್ಸಿನ ಡಚೆಸ್ ಬಂದಳು, ಅಂಗಿ ಅವಳಿಗೆ. ಆಮೇಲೆ ರಾಣಿಯ ಓರಗಿತ್ತಿ ಪ್ರೊವಾನ್ಸಿನ ಕೌಂಟೆಸ್ ಬಂದಳು, ಅಂಗಿ ಅವಳಿಗೆ. ಮರ್ಯಾದೆ ಕೈಯಿಂದ ಕೈಗೆ ಸಾಗುತ್ತಿರಲು ರಾಣಿ ಎದೆಯ ಮೇಲೆ ಕೈಕಟ್ಟಿಕೊಂಡು ಚಳಿಯಲ್ಲಿ ನಡುಗುತ್ತಿದ್ದಳು. ಅರೆಯುಡುಗೆಯ ಅಧಿಕಾರ ಅದನ್ನು ಹೊಂದಿದವರನ್ನೇ ಬಂಧಿಸುತ್ತಿತ್ತು.

ಅರಮನೆಯ ಈ ರೂಢಿ ಸಿರಿವಂತರ ಮನೆಗಳಿಗೂ ಇಳಿಯಿತು. ಹೆಂಗಸರ ಅಲಂಕಾರ ಎರಡು ಹಂತಗಳಾಯಿತು. ಮೊದಲನೆಯದು ಮುಖ ತೊಳೆದು ಬಣ್ಣ ಹಚ್ಚಿಕೊಳ್ಳುವುದು. ಅದಕ್ಕೆ ಯಾರಿಗೂ ಪ್ರವೇಶವಿಲ್ಲ. ಎರಡನೆಯದು ಕನ್ನಡಿಯ ಮುಂದೆ ಸಡಿಲ ಉಡುಪಿನಲ್ಲಿ ಕುಳಿತು ಕೂದಲು ಕಟ್ಟಿಸಿಕೊಳ್ಳುವುದು. ಆಗ ಗೆಳೆಯರು, ವರ್ತಕರು, ಪಾದ್ರಿಗಳು, ಸಂಗೀತಗಾರರು, ಬೇಡಿಕೆ ಹೊತ್ತವರು ಎಲ್ಲರಿಗೂ ಭೇಟಿ. ಈ ಹೊತ್ತಿಗೆ ಭುಜದ ಮೇಲೆ ಹೊದೆಯುತ್ತಿದ್ದ ಬಟ್ಟೆಗೆ ‘ಪೆನ್ಯುವಾರ್’ ಎಂದು ಹೆಸರು. ಬಾಚುವುದು ಎಂಬ ಅರ್ಥದ ಫ್ರೆಂಚ್ ಕ್ರಿಯಾಪದದಿಂದ ಬಂದದ್ದು. ವಿಲಿಯಂ ಹೋಗಾರ್ತ್ 1743ರ ಸುಮಾರಿಗೆ ರಚಿಸಿದ ‘ಮ್ಯಾರಿಯೇಜ್ ಅ-ಲ-ಮೋಡ್’ ಚಿತ್ರಸರಣಿಯ ನಾಲ್ಕನೆಯ ಚಿತ್ರ ಇಂಥ ಬೆಳಗಿನ ದರ್ಬಾರನ್ನು ಹಾಡುಗಾರ, ಕೇಶವಿನ್ಯಾಸಕಾರ ಮತ್ತು ಪ್ರಣಯಿಯ ಸಮೇತ ಕಟುವಾಗಿ ಚಿತ್ರಿಸಿದೆ. ಅದಕ್ಕೂ ಮೊದಲೇ, 1711ರಲ್ಲಿ, ‘ದಿ ಸ್ಪೆಕ್ಟೇಟರ್’ ಪತ್ರಿಕೆಯಲ್ಲಿ ಜೋಸೆಫ್ ಅಡಿಸನ್ ಹೆಂಗಸರು ಹಾಸಿಗೆಯಲ್ಲಿದ್ದುಕೊಂಡೇ ಗಂಡಸರ ಭೇಟಿ ನಡೆಸುವುದನ್ನು ಫ್ರಾನ್ಸಿನಿಂದ ಬಂದ ದುರಭ್ಯಾಸವೆಂದು ಟೀಕಿಸಿದ್ದ.

ಈ ಎಲ್ಲ ಚರ್ಚೆಯಲ್ಲಿ ಬಡವರ ಹೆಸರಿಲ್ಲ. ಹೊಲದಲ್ಲಿ ದುಡಿಯುವ ಹೆಂಗಸು ಒಳ ಅಂಗಿ, ಲಂಗ, ಕುಪ್ಪಸಗಳಲ್ಲೇ ದಿನ ಕಳೆಯುತ್ತಿದ್ದಳು. ಬೆವರು ಸುರಿಸುವ ಕೂಲಿಯವನು ಮೇಲಂಗಿ ಕಳಚಿಟ್ಟು ದುಡಿಯುತ್ತಿದ್ದ. ಅವರನ್ನು ಯಾರೂ ದೆಜಾಬಿಯೇಯಲ್ಲಿದ್ದಾರೆ ಎನ್ನಲಿಲ್ಲ. ಅರೆಯುಡುಗೆಯ ಮಾತು ಹೊಂದುವುದು ಪೂರ್ಣ ಉಡುಪು ಉಳ್ಳವರಿಗೆ ಮಾತ್ರ. ಊಳಿಗದವರಿಗಂತೂ ಯಜಮಾನರ ಮುಂದೆ ಸಡಿಲವಾಗಿ ನಿಲ್ಲುವ ಹಕ್ಕೇ ಇರಲಿಲ್ಲ. ಯಜಮಾನ ನಿಲುವಂಗಿಯಲ್ಲಿ ಕುಳಿತಿರುವಾಗ ಅವನೆದುರು ಗುಂಡಿಗಳನ್ನೆಲ್ಲ ಹಾಕಿಕೊಂಡು ನಿಂತಿರುವ ಸೇವಕನನ್ನು ಆ ಕಾಲದ ಚಿತ್ರಗಳಲ್ಲಿ ಕಾಣಬಹುದು. ಇಬ್ಬರಲ್ಲಿ ಕಡಿಮೆ ಸಿಂಗರಿಸಿಕೊಂಡವನೇ ಒಡೆಯ.

ವಿದ್ವಾಂಸರ ವೇಷ

ಗಂಡಸರ ನಿಲುವಂಗಿ ಕಾಲಕ್ರಮದಲ್ಲಿ ಚಿಂತನೆಯ ಲಾಂಛನವಾಯಿತು. ಗಾಡ್‌ಫ್ರಿ ನೆಲ್ಲರ್ 1689ರಲ್ಲಿ ಬರೆದ ಐಸಾಕ್ ನ್ಯೂಟನ್ನನ ಚಿತ್ರದಲ್ಲಿ ಟೋಪನ್ ಇಲ್ಲ. ಸ್ವಂತ ನರೆಗೂದಲು, ಬಿಚ್ಚಿದ ಕತ್ತಿನ ಅಂಗಿ, ಸಡಿಲ ಗೌನು. ಅಮೆರಿಕದ ಬೋಸ್ಟನ್ನಿನಲ್ಲಿ ಜಾನ್ ಸಿಂಗಲ್‌ಟನ್ ಕೋಪ್ಲಿ 1767ರಲ್ಲಿ ಚಿತ್ರಿಸಿದ ವರ್ತಕ ನಿಕೊಲಸ್ ಬಾಯ್ಲ್‌ಸ್ಟನ್ ರೇಷ್ಮೆಯ ಬನ್ಯನ್ ತೊಟ್ಟು ರುಮಾಲು ಸುತ್ತಿದ್ದಾನೆ. ಅಮೆರಿಕದವನೇ ಆದ ವೈದ್ಯ ಬೆಂಜಮಿನ್ ರಷ್, ಸಡಿಲ ಉಡುಪು ಬುದ್ಧಿಯ ವ್ಯಾಪಾರಕ್ಕೆ ಅನುಕೂಲವೆಂದೂ ವಿದ್ವಾಂಸರ ಚಿತ್ರಗಳಲ್ಲಿ ಗೌನು ಕಾಣುವುದು ಅದಕ್ಕಾಗಿಯೇ ಎಂದೂ ಅಭಿಪ್ರಾಯಪಟ್ಟ. ಚಾರ್ಲ್ಸ್ ವಿಲ್ಸನ್ ಪೀಲ್ ಬರೆದ ಚಿತ್ರದಲ್ಲಿ ರಷ್ ಕೂಡ ಗೌನಿನಲ್ಲೇ ಕುಳಿತಿದ್ದಾನೆ.

ಈ ವೇಷದ ಬಗ್ಗೆ ಅತ್ಯಂತ ಆಳವಾಗಿ ಯೋಚಿಸಿದವನು ಫ್ರೆಂಚ್ ವಿಶ್ವಕೋಶದ ಸಂಪಾದಕ ದೆನಿ ದಿದೆರೋ. ಲೂಯಿ-ಮಿಶೆಲ್ ವಾನ್ ಲೂ 1767ರಲ್ಲಿ ಅವನನ್ನು ಮಿರುಗುವ ರೇಷ್ಮೆಯ ನಿಲುವಂಗಿಯಲ್ಲಿ ಚಿತ್ರಿಸಿದಾಗ ಆ ವೈಭವ ದಿದೆರೋಗೆ ಒಪ್ಪಲಿಲ್ಲ; ಬಡ ಬರಹಗಾರನಿಗೆ ಅಂಥ ಉಡುಪು ತೊಡಿಸಿದರೆ ತೆರಿಗೆಯವರು ಬೆನ್ನುಹತ್ತುತ್ತಾರೆಂದು ಆಕ್ಷೇಪಿಸಿದ. 1769ರಲ್ಲಿ ತನ್ನ ಹಳೆಯ ನಿಲುವಂಗಿಯನ್ನು ಕಳೆದುಕೊಂಡ ದುಃಖದ ಬಗ್ಗೆ ಒಂದು ಪ್ರಬಂಧವನ್ನೇ ಬರೆದ. ಹಳೆಯ ಅಂಗಿ ಮೈಗೆ ಒಗ್ಗಿತ್ತು, ಲೇಖನಿಯ ಮಸಿ ಒರೆಸಿಕೊಳ್ಳಲು ಒದಗುತ್ತಿತ್ತು. ಹೊಸದು ಬಂದ ಮೇಲೆ ಅದರ ಸೊಬಗಿಗೆ ಮನೆಯ ಮೇಜು, ಕುರ್ಚಿ, ಗೋಡೆಯ ಚಿತ್ರ ಯಾವುದೂ ಸರಿಹೊಂದದೆ ಒಂದೊಂದನ್ನೇ ಬದಲಿಸಬೇಕಾಯಿತು. ಒಂದು ವಸ್ತುವನ್ನು ಕೊಂಡದ್ದು ಇನ್ನೊಂದರ ಖರೀದಿಗೆ ದಾರಿಮಾಡುತ್ತ ಹೋಗುವುದನ್ನು ಇಂದಿನ ಸಮಾಜಶಾಸ್ತ್ರಜ್ಞರು ‘ದಿದೆರೋ ಪರಿಣಾಮ’ ಎಂದು ಕರೆಯುತ್ತಾರೆ. ಮನೆಯುಡುಗೆ ತನ್ನ ಸಹಜತೆಯನ್ನು ಬಿಟ್ಟು ಪ್ರದರ್ಶನಕ್ಕೆ ನಿಂತಾಗ ಆಗುವ ನಷ್ಟವನ್ನು ಇಷ್ಟು ನಿಚ್ಚಳವಾಗಿ ಕಂಡವರು ಅಪರೂಪ.

ಕಾದಂಬರಿಕಾರ ಬಾಲ್ಜಾಕ್ ಕ್ರೈಸ್ತ ಸನ್ಯಾಸಿಗಳ ಮಾದರಿಯ ಬಿಳಿಯ ನಿಲುವಂಗಿಯಲ್ಲಿ ಬರೆಯಲು ಕೂರುತ್ತಿದ್ದ. ಶಿಲ್ಪಿ ರೊಡಾನ್ ಅವನ ಸ್ಮಾರಕ ಮಾಡುವಾಗ ಆ ನಿಲುವಂಗಿಯನ್ನೇ ಮುಖ್ಯವಾಗಿಸಿಕೊಂಡ. 1898ರಲ್ಲಿ ಪ್ರದರ್ಶನಗೊಂಡ ಆ ಶಿಲ್ಪವನ್ನು ಅದನ್ನು ಮಾಡಿಸಿದ್ದ ಲೇಖಕರ ಸಂಘ ತಿರಸ್ಕರಿಸಿತು. ಕಂಚಿನ ಪ್ರತಿ ಪ್ಯಾರಿಸ್ಸಿನ ಬೀದಿಯಲ್ಲಿ ನಿಂತದ್ದು 1939ರಲ್ಲಿ.

ರಾಣಿಯ ಬಿಳಿ ಉಡುಪು

ಹೆಂಗಸರ ವಿಷಯದಲ್ಲಿ ಲೋಕದ ಅಳತೆಗೋಲು ಬೇರೆಯಿತ್ತು. ನಿಲುವಂಗಿಯ ಗಂಡಸು ಚಿಂತಕನೆನಿಸಿದರೆ ಸಡಿಲ ಉಡುಪಿನ ಹೆಣ್ಣು ಕಾಮುಕ ನೋಟಕ್ಕೆ ಗುರಿಯಾದಳು. 1660ರ ದಶಕದಲ್ಲಿ ಪೀಟರ್ ಲೀಲಿ ಇಂಗ್ಲೆಂಡಿನ ಆಸ್ಥಾನದ ಹೆಂಗಸರನ್ನು ಜಾರುವ ರೇಷ್ಮೆಯ ಗೌನುಗಳಲ್ಲಿ ಚಿತ್ರಿಸಿದ. ಇಂದು ಹ್ಯಾಂಪ್ಟನ್ ಕೋರ್ಟ್ ಅರಮನೆಯಲ್ಲಿರುವ ಆ ಚಿತ್ರಸಾಲು ‘ವಿಂಡ್ಸರ್ ಸುಂದರಿಯರು’ ಎಂದು ಪ್ರಸಿದ್ಧ. ಅಂಥ ಉಡುಪು ಚಿತ್ರಕಾರರಿಗೆ ಇನ್ನೊಂದು ಕಾರಣಕ್ಕೂ ಬೇಕಾಗಿತ್ತು. ಆ ವರ್ಷದ ಫ್ಯಾಷನ್ನಿನ ಗುರುತಿಲ್ಲದ ಸಡಿಲ ಬಟ್ಟೆ ಬೇಗ ಹಳತಾಗಿ ಕಾಣುವುದಿಲ್ಲ.

ದೆಜಾಬಿಯೇಯ ಚರಿತ್ರೆಯಲ್ಲಿ ಅತಿ ದೊಡ್ಡ ಗದ್ದಲವೆದ್ದುದು 1783ರಲ್ಲಿ. ಆ ವರ್ಷದ ಪ್ಯಾರಿಸ್ ಕಲಾಪ್ರದರ್ಶನದಲ್ಲಿ ಎಲಿಜಬೆತ್ ವಿಜೇ ಲೆ ಬ್ರುನ್ ತಾನು ಬರೆದ ಮಾರಿ ಆಂಟೊನೆಟ್ ರಾಣಿಯ ಚಿತ್ರವನ್ನು ಇಟ್ಟಳು. ರಾಣಿ ತೊಟ್ಟಿದ್ದುದು ಬಿಳಿ ಮಸ್ಲಿನ್ನಿನ ಸರಳ ಉಡುಪು, ಸೊಂಟಕ್ಕೊಂದು ಪಟ್ಟಿ, ತಲೆಗೆ ಹುಲ್ಲಿನ ಟೊಪ್ಪಿಗೆ. ಆಭರಣವಿಲ್ಲ, ಬಿಗಿ ಕುಪ್ಪಸವಿಲ್ಲ, ರಾಜಚಿಹ್ನೆಯಿಲ್ಲ. ರಾಣಿಯನ್ನು ಒಳ ಅಂಗಿಯಲ್ಲಿ ಚಿತ್ರಿಸಿದ್ದಾರೆಂಬ ದೂರು ಎದ್ದಿತು. ಚಿತ್ರವನ್ನು ತೆಗೆಯಬೇಕಾಯಿತು. ಅದೇ ಭಂಗಿಯಲ್ಲಿ ಕೈಯಲ್ಲಿ ಗುಲಾಬಿ ಹಿಡಿದ ಇನ್ನೊಂದು ಚಿತ್ರ ಅದರ ಜಾಗಕ್ಕೆ ಬಂತು. ಅದರಲ್ಲಿ ರಾಣಿ ರೇಷ್ಮೆಯ ವಿಧ್ಯುಕ್ತ ಉಡುಪಿನಲ್ಲಿದ್ದಳು.

ಗದ್ದಲಕ್ಕೆ ಕಾರಣಗಳು ಹಲವು. ರಾಣಿಯ ದೇಹ ರಾಜ್ಯದ ಲಾಂಛನ. ಖಾಸಗಿ ಕ್ಷಣಗಳ ಉಡುಪಿನಲ್ಲಿ ಅದನ್ನು ಪ್ರದರ್ಶನಕ್ಕಿಟ್ಟರೆ ಲಾಂಛನ ಕುಗ್ಗುತ್ತದೆ ಎಂಬ ಭಯ ಒಂದು. ಲಿಯಾನ್ ನಗರದ ರೇಷ್ಮೆ ನೇಕಾರರ ಹೊಟ್ಟೆಪಾಡಿನ ಪ್ರಶ್ನೆ ಇನ್ನೊಂದು: ಅರಮನೆಯೇ ರೇಷ್ಮೆ ಬಿಟ್ಟು ಹೊರನಾಡಿನ ಮಸ್ಲಿನ್ ತೊಟ್ಟರೆ ಅವರ ಮಗ್ಗಗಳ ಗತಿಯೇನು? ರಾಣಿ ಆಸ್ಟ್ರಿಯಾದವಳೆಂಬ ಹಗೆಯೂ ಇದಕ್ಕೆ ಸೇರಿಕೊಂಡಿತು. ಟೀಕೆಯೇನೇ ಇದ್ದರೂ ಉಡುಪು ನಿಲ್ಲಲಿಲ್ಲ. ‘ರಾಣಿಯ ಶೆಮೀಜ್’ ಎಂಬ ಹೆಸರಿನಿಂದ ಅದು ಹಬ್ಬಿತು. 1784ರಲ್ಲಿ ಡೆವನ್‌ಶೈರಿನ ಡಚೆಸ್ ಜಾರ್ಜಿಯಾನಾ ರಾಣಿಯಿಂದಲೇ ಬಂದ ಅಂಥ ಉಡುಪನ್ನು ತೊಟ್ಟು ಇಂಗ್ಲೆಂಡಿನಲ್ಲಿ ಕಾಣಿಸಿಕೊಂಡಳು. ರಾಣಿ 1793ರಲ್ಲಿ ಗಿಲೊಟಿನ್ನಿಗೆ ಬಲಿಯಾದ ಮೇಲೂ, ಅವಳನ್ನು ಕೊಂದ ಗಣರಾಜ್ಯದ ಹೆಂಗಸರು ಬಿಳಿ ಮಸ್ಲಿನ್ನನ್ನೇ ಪ್ರಾಚೀನ ಗ್ರೀಸಿನ ಸರಳತೆಯ ಹೆಸರಿನಲ್ಲಿ ಮುಖ್ಯ ಉಡುಪಾಗಿ ತೊಟ್ಟರು. 1800ರಲ್ಲಿ ದಾವಿದ್ ಚಿತ್ರಿಸಿದ ಮದಾಮ್ ರೆಕಾಮಿಯೇ ಬರಿಗಾಲಿನಲ್ಲಿ, ಬಿಳಿ ಉಡುಪಿನಲ್ಲಿ ಒರಗಿದ್ದಾಳೆ. ಹದಿನೇಳು ವರ್ಷಗಳಲ್ಲಿ ನಾಚಿಕೆಗೇಡು ಗೌರವವಾಗಿತ್ತು. ಮಸ್ಲಿನ್ನಿನ ಉತ್ತಮ ದರ್ಜೆಗೆ ಆಗಲೂ ಹೆಸರಾಗಿದ್ದುದು ಢಾಕಾದ ನೇಕಾರರ ನೇಯ್ಗೆ.

ಪದ ಹಿಂದೆ ಸರಿದದ್ದು

19ನೆಯ ಶತಮಾನದಲ್ಲಿ ಮನೆಯುಡುಗೆ ಒಳಗೊಳಗೇ ಕವಲೊಡೆಯಿತು. ಬೆಳಗಿಗೆ ಒಂದು, ಸಂಜೆಯ ಚಹಾಕ್ಕೆ ಒಂದು, ಮಲಗುವ ಕೋಣೆಗೆ ಒಂದು. 1870ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ರೂಢಿಗೆ ಬಂದ ‘ಟೀ ಗೌನ್’ ಕುಪ್ಪಸದ ಬಿಗಿಯನ್ನು ಸಡಿಲಿಸಿ ಗೆಳತಿಯರೊಡನೆ ಚಹಾ ಕುಡಿಯಲು ಹೊಲಿಸಿದ್ದು. ಮುಂದೆ ಮನೆಯ ರಾತ್ರಿಯೂಟಕ್ಕೂ ಅದನ್ನು ತೊಡತೊಡಗಿದರು. ‘ನೆಗ್ಲಿಜೆ’ ಎಂಬ ಜೊತೆಪದ 18ನೆಯ ಶತಮಾನದಲ್ಲಿ ಸಾಮಾನ್ಯ ಮನೆಯುಡುಗೆಯನ್ನು ಸೂಚಿಸುತ್ತಿದ್ದುದು ಕ್ರಮೇಣ ತೆಳುವಾದ ಇರುಳುಡುಪಿಗೆ ಸೀಮಿತವಾಯಿತು. ಭಾರತದಲ್ಲಿದ್ದ ಬ್ರಿಟಿಷರು ಇಲ್ಲಿಂದ ಒಯ್ದ ಪೈಜಾಮ ಶತಮಾನದ ಕೊನೆಯ ಹೊತ್ತಿಗೆ ಗಂಡಸರ ಇರುಳಂಗಿಯ ಸ್ಥಾನವನ್ನು ಹಿಡಿಯಿತು. ಕಾಲಿನ ಉಡುಪು ಎಂಬ ಅರ್ಥದ ಪಾರಸಿ ಪದ ಹೀಗೆ ಯುರೋಪಿನ ಹಾಸಿಗೆಯನ್ನು ಸೇರಿತು.

ವಿಂಗಡಣೆ ಸೂಕ್ಷ್ಮವಾದಷ್ಟೂ ದೆಜಾಬಿಯೇ ಎಂಬ ಒಟ್ಟು ಹೆಸರಿನ ಅಗತ್ಯ ಕುಗ್ಗಿತು. ಅದರ ಅರ್ಥ ಅಸ್ತವ್ಯಸ್ತತೆಯ ಕಡೆಗೂ ಶೃಂಗಾರದ ಸೂಚನೆಯ ಕಡೆಗೂ ಜಾರಿತು. 20ನೆಯ ಶತಮಾನದಲ್ಲಿ ಪದಕ್ಕೆ ಆಧಾರವಾಗಿದ್ದ ವ್ಯವಸ್ಥೆಯೇ ಕುಸಿಯಿತು. ದಿನಕ್ಕೆ ಹಲವು ಬಾರಿ ಉಡುಪು ಬದಲಿಸುವ ಬಿಡುವು ಉಳಿಯಲಿಲ್ಲ, ತೊಡಿಸುವ ಊಳಿಗದವರು ಇಲ್ಲವಾದರು, ಎರಡು ಮಹಾಯುದ್ಧಗಳ ಕಾಲದಲ್ಲಿ ಬಟ್ಟೆಯ ಮಿತವ್ಯಯ ಅನಿವಾರ್ಯವಾಯಿತು. 1913ರಲ್ಲಿ ಅಮೆರಿಕದ ನೌಕಾಪಡೆ ಒಳ ಅಂಗಿಯಾಗಿ ಕ್ರಮಗೊಳಿಸಿದ ಟಿ-ಶರ್ಟ್, 1951ರಲ್ಲಿ ಚಲನಚಿತ್ರವಾದ ‘ಎ ಸ್ಟ್ರೀಟ್‌ಕಾರ್ ನೇಮ್ಡ್ ಡಿಸೈರ್’ನಲ್ಲಿ ಮಾರ್ಲನ್ ಬ್ರ್ಯಾಂಡೋ ಅದನ್ನೇ ತೊಟ್ಟು ತೆರೆಗೆ ಬಂದ ಮೇಲೆ, ಲೋಕದ ಹೊರಯುಡುಗೆಯಾಯಿತು. ಪೂರ್ಣ ಉಡುಪು ಎಂಬ ಮೇಲಿನ ಮೆಟ್ಟಿಲು ಕಾಣೆಯಾದಾಗ ಅರೆಯುಡುಗೆ ಎಂಬ ಕೆಳಗಿನ ಮೆಟ್ಟಿಲಿಗೂ ಹೆಸರು ಬೇಡವಾಯಿತು. ಇಂದು ಡಿಸಬೀಲ್ ಇಂಗ್ಲಿಷಿನಲ್ಲಿ ಹಳೆಯ ಕಾದಂಬರಿಗಳ ಓದುಗರಿಗೂ ಉಡುಪಿನ ಚರಿತ್ರಕಾರರಿಗೂ ಪರಿಚಿತವಾದ ಪದ.

ಕರ್ನಾಟಕದ ಮನೆಗಳಲ್ಲಿ

ಈ ಚರಿತ್ರೆಯ ಒಂದು ಎಳೆ ಕನ್ನಡದ ಮನೆಗಳನ್ನೂ ಮುಟ್ಟಿದೆ. ಗುಜರಾತಿನ ವರ್ತಕರ ಹೆಸರಿನಿಂದ ಹುಟ್ಟಿ, ಪೋರ್ಚುಗೀಸ್ ಮತ್ತು ಇಂಗ್ಲಿಷ್ ಬಾಯಿಗಳಲ್ಲಿ ಹಾದು, ಯುರೋಪಿನ ಸಿರಿವಂತರ ರೇಷ್ಮೆ ನಿಲುವಂಗಿಯಾದ ಪದವೇ ಕನ್ನಡದಲ್ಲಿ ಗಂಡಸರ ಒಳ ಅಂಗಿಯ ಹೆಸರಾಗಿದೆ. ಹಳ್ಳಿಯ ಜಗಲಿಯಲ್ಲಾಗಲಿ ಪೇಟೆಯ ಮನೆಯ ಹಜಾರದಲ್ಲಾಗಲಿ ಬನಿಯನ್ನು, ಲುಂಗಿಯಲ್ಲಿ ಕುಳಿತ ಯಜಮಾನ ಪರಿಚಿತರನ್ನು ಹಾಗೆಯೇ ಮಾತಾಡಿಸುತ್ತಾನೆ. ಅಪರಿಚಿತರು ಬಂದರೆ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬರುತ್ತಾನೆ. ಹೆಂಗಸರ ನೈಟಿ ಇರುಳುಡುಪಾಗಿ ಬಂದು ಹಗಲಿನ ಮನೆಯುಡುಗೆಯಾಗಿ, ಮೇಲೊಂದು ಟವೆಲ್ಲನ್ನೋ ದುಪಟ್ಟಾವನ್ನೋ ಹೊದ್ದು ತರಕಾರಿ ಗಾಡಿಯವರೆಗೆ, ಮಕ್ಕಳ ಶಾಲೆಯ ಬಸ್ಸಿನವರೆಗೆ ಬಂದಿದೆ. ಅದನ್ನು ಹೊರಗೆ ತೊಡಬಾರದೆಂಬ ಆಕ್ಷೇಪ ಕೇಳಿಬರುವುದು ಹೆಂಗಸರ ಮೇಲೆಯೇ. ಬನಿಯನ್ನಿನಲ್ಲಿ ಬೀದಿಗೆ ಬಂದ ಗಂಡಸನ್ನು ಅಷ್ಟಾಗಿ ಯಾರೂ ಪ್ರಶ್ನಿಸುವುದಿಲ್ಲ.

ಮುನ್ನೂರೈವತ್ತು ವರ್ಷಗಳ ಈ ಚರಿತ್ರೆಯಿಂದ ಮೂರು ನಿರ್ಣಯಗಳು ಸಿದ್ಧಿಸುತ್ತವೆ. ಸಡಿಲ ಉಡುಪು ನಿಯಮವಿಲ್ಲದ ಉಡುಪಲ್ಲ. ಅದನ್ನು ಯಾರ ಮುಂದೆ ಯಾರು ತೊಡಬಹುದೆಂಬುದರಲ್ಲೇ ಸಮಾಜದ ಅಂತಸ್ತು ಅಡಗಿರುತ್ತದೆ. ಒಂದು ಕಾಲದ ಮನೆಯುಡುಗೆ ಮುಂದಿನ ಕಾಲದ ಮರ್ಯಾದೆಯ ಉಡುಪಾಗುವುದು ಮಾಂಟುವಾ, ಮಸ್ಲಿನ್, ಟಿ-ಶರ್ಟುಗಳಲ್ಲಿ ಮತ್ತೆ ಮತ್ತೆ ನಡೆದಿದೆ. ಅದನ್ನು ತಡೆಯಹೊರಟ ದೊರೆಯೂ ಕಾಯಿದೆಯೂ ಸೋತಿವೆ. ಯುರೋಪಿಗೆ ಈ ಹಾಯಾದ ಉಡುಪನ್ನು ಒದಗಿಸಿದವರಲ್ಲಿ ಭಾರತದ ನೇಕಾರರು ಮತ್ತು ಬಣ್ಣಗಾರರು ಮೊದಲ ಸಾಲಿನವರು. ಅವರ ಹೆಸರುಗಳು ಉಳಿದಿಲ್ಲವಾದರೂ ಅವರ ಕೈಯ ಚೀಟಿ ಬಟ್ಟೆಯ ನಿಲುವಂಗಿಗಳು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಉಳಿದಿವೆ. ಉಡುಪಿನ ಚರಿತ್ರೆಯನ್ನು ಬರೆಯುವವರು ತೊಟ್ಟವರ ಹೆಸರಿನೊಂದಿಗೆ ನೇಯ್ದವರ ಮತ್ತು ಹೊಲಿದವರ ದುಡಿಮೆಯನ್ನೂ ದಾಖಲಿಸಬೇಕು.